ಫಿಲಂ ಡಬ್ಬಿಗೆ ಮಂಗಳಾರತಿ

ಎಪ್ಪತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದ ಸಿನಿಮಾ ಮತ್ತು ಪ್ರಸಾರದ ಡಿಪ್ಲೊಮಾಕ್ಕೆ ಸೇರಿದೆ. ವಿಜಯನಗರದ ನಮ್ಮ ಬೀದಿಗೆ ಒಬ್ಬ ಮಹಾನ್ ನಿರ್ದೇಶಕ ದೊರಕಿದನೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಪ್ಪನಿಗಿತ್ತು.

"ಸಿನಿಮಾ ನೋಡಿ ಕೆಟ್ಟೋರನ್ನ ಕಂಡಿದೀನಿ. ಸಿನಿಮಾ ಓದಿ ಕೆಡೋನ್ನ ಈಗ್ಲೇ ನೋಡ್ತಿರೋದು," ಎಂದರು. ನಪಾಸಾದರೆ ನಾಯಂಡಹಳ್ಳಿಯ ಚಿಕ್ಕಪ್ಪನ ಗೋದಾಮಿನಲ್ಲಿ ಗೋಣಿಚೀಲ ಕಾಯಬೇಕೆಂದು ತೀರ್ಪನ್ನೂ ಕೊಟ್ಟರು.

ಪಾಸಾಗಬೇಕಾದರೆ ಒಂದು ಪುಟ್ಟ ಚಿತ್ರ ತೆಗೆಯಬೇಕು. ಒಬ್ಬರಿಗೆ ಒಂದೇ ರೀಲು. ಕೆಡಿಸಿದರೆ ಇನ್ನೊಂದಿಲ್ಲ! ನನ್ನ ವಿಷಯ, ನಮ್ಮ ಬೀದಿಯ ಬೆಳಗಿನ ಹಾಲಿನ ಕ್ಯೂ. ಭಾನುವಾರ ಶೂಟಿಂಗ್ ಎಂದು ಬೀದಿಗೆಲ್ಲ ಮೊದಲೇ ಸಾರಿದ್ದೆ. ಶನಿವಾರ ವಿಭಾಗದ ಬೀರುವಿನಿಂದ ಕ್ಯಾಮೆರಾ ಮತ್ತು ಫಿಲಂ ಡಬ್ಬಿ ಎತ್ತಿಕೊಂಡು, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯವರನ್ನೆಲ್ಲ ಕೂರಿಸಿ ಕ್ಲೋಸಪ್ಪಿನ ಬಗ್ಗೆ ಉಪನ್ಯಾಸ ಕೊಟ್ಟೆ. ಬೆಳಕು ತಾಗಿದರೆ ಫಿಲಂ ಸತ್ತಂತೆ ಎಂಬ ಸಣ್ಣ ವಿಷಯವನ್ನು ಮಾತ್ರ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದಲ್ಲ!

ಆಮೇಲೆ ನಾನೇ ಡಬ್ಬಿಯನ್ನು ಅಮ್ಮನ ಕೈಗಿತ್ತು, "ದೇವರ ಮುಂದೆ ಇಡಮ್ಮ, ಬೆಳಿಗ್ಗೆ ತಗೋತೀನಿ," ಎಂದೆ.

ಭಾನುವಾರ ಬೆಳಿಗ್ಗೆ, ಬೆಳಕು ಬೀಳದಂತೆ ಫಿಲಂ ತುಂಬುವ ಕಪ್ಪು ಚೀಲ ಹಿಡಿದು ದೇವರ ಕೋಣೆಗೆ ಹೋದೆ. ಡಬ್ಬಿಯ ಮುಚ್ಚಳ ಒಂದು ಕಡೆ, ಕಪ್ಪು ಕಾಗದ ಇನ್ನೊಂದು ಕಡೆ. ನಡುವೆ ನನ್ನ ಫಿಲಂ ಸುರುಳಿ ವಿಭೂತಿ ಧರಿಸಿ, ತುಂಬೆ ಹೂವು ಮುಡಿದು ಕುಳಿತಿತ್ತು. ಅಮ್ಮ ಮಂಗಳಾರತಿ ಎತ್ತುತ್ತಿದ್ದಳು!

"ಅಯ್ಯೋ, ಯಾಕಮ್ಮ ಬಿಚ್ಚಿದೆ?"

"ಮುಚ್ಚಿದ ಡಬ್ಬಿಗೆ ಯಾರಾದ್ರೂ ಪೂಜೆ ಮಾಡ್ತಾರೇನೋ? ಒಳಗೇನಿದೆ ಅಂತ ಶಿವ ನೋಡ್ಬೇಡ್ವಾ?"

"ಬೆಳಕು ಬಿದ್ರೆ ಹಾಳಾಗುತ್ತಮ್ಮ!"

"ಅದನ್ನ ನಿನ್ನೆ ಹೇಳೋಕೇನಾಗಿತ್ತು? ಅದೇನೋ ಕ್ಲೋಸಪ್ಪು ಅಂತ ಊಟಕ್ಕೂ ಬಿಡದೆ ಕೊರೆದೆ!"

ಕಣ್ಣ ಮುಂದೆ ಬರೀ ಗೋಣಿಚೀಲಗಳು.

ಅಷ್ಟರಲ್ಲಿ ಪಕ್ಕದ ಮನೆಯ ರಾಜಮ್ಮ ಆಂಟಿ ಬಾಗಿಲಲ್ಲಿ ಕೂಗಿದರು. "ಬೇಗ ಬಾಪ್ಪ, ಎಲ್ರೂ ಕಾಯ್ತಾ ಇದೀವಿ!" ಹೊರಗೆ ಬಂದು ನೋಡಿದರೆ ಹಾಲಿನ ಕ್ಯೂ ಮದುವೆಗೆ ಹೊರಟು ನಿಂತಿದೆ! ಆಂಟಿಗೆ ಧರ್ಮಾವರಂ ಸೀರೆ, ಅವರ ಯಜಮಾನರಿಗೆ ಕೋಟು, ಕೈಯಲ್ಲಿ ಖಾಲಿ ಹಾಲಿನ ಬಾಟಲಿ. ನಿಜ ಹೇಳುವ ಧೈರ್ಯ ಸಾಲದೆ, ಖಾಲಿ ಕ್ಯಾಮೆರಾವನ್ನೇ ಕಣ್ಣಿಗೆ ಹಿಡಿದು "ಆಕ್ಷನ್!" ಎಂದೆ. ಆಂಟಿ ಬಾಟಲಿ ಎದೆಗವಚಿಕೊಂಡು ಗಳಗಳನೆ ಅತ್ತರು.

"ಹಾಲಿಗೆ ಯಾಕೆ ಅಳ್ತೀರಿ ಆಂಟಿ?"

"ಆಕ್ಟಿಂಗ್ ಕಣೋ! ನೀನು ತೆಗಿ!"

ತೆಗೆದೆ. ನಮ್ಮ ಬೀದಿಯ ಸಮಸ್ತ ಪ್ರತಿಭೆಯೂ ಗಾಳಿಗೆ ಹೋಯಿತು.

ಸೋಮವಾರ ನೇಣುಗಂಬಕ್ಕೆ ಹೋಗುವವನಂತೆ ಹೋಗಿ ವಿಭಾಗದ ಮೇಷ್ಟ್ರ ಮೇಜಿನ ಮೇಲೆ ಡಬ್ಬಿಯಿಟ್ಟು ಎಲ್ಲವನ್ನೂ ಒಪ್ಪಿಸಿದೆ. ಅವರು ವಿಭೂತಿ ಒರೆಸಿ, ಫಿಲಮ್ಮಿನ ತುದಿಯನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿ ಅಲುಗುವಂತೆ ನಕ್ಕರು.

"ಅಲ್ರೀ, ಅಂಚಿನ ತೂತೆಲ್ಲ ಹರಿದಿದೆ, ಕಾಣ್ಸಲ್ವಾ? ಇದು ಹುಡುಗರು ಫಿಲಂ ತುಂಬೋದು ಕಲೀಲಿ ಅಂತ ಇಟ್ಟಿರೋ ಹಳೇ ರೀಲು! ನಿಮ್ಮದು ಬೀರುವಿನಲ್ಲೇ ಇದೆ. ಕಪ್ಪು ಚೀಲದೊಳಗೆ ಕೈ ತೂರಿಸಿ ಇದನ್ನೇ ತುಂಬಿ ಶೂಟ್ ಮಾಡಿದ್ದಿದ್ರೆ, ಮದರಾಸಿನ ಲ್ಯಾಬಿಂದ ಏನೂ ಇಲ್ಲ ಅಂತ ಸುದ್ದಿ ಬರೋ ಹೊತ್ತಿಗೆ ಪರೀಕ್ಷೇನೇ ಮುಗಿದಿರ್ತಿತ್ತು."

ಹೋದ ಜೀವ ಬಂದಂತಾಯಿತು! ಮನೆಗೆ ಓಡಿ ಬಂದು ಅಮ್ಮನ ಕಾಲಿಗೆ ಬಿದ್ದೆ. ಅವಳು ಗಾಬರಿಯಾಗಿ, "ಮತ್ತೇನು ಹಾಳ್ಮಾಡ್ದ್ಯೋ?" ಎಂದಳು.

ಮುಂದಿನ ಭಾನುವಾರ ಮತ್ತೆ ಕ್ಯೂ ನಿಲ್ಲಿಸಿದೆ. ಇನ್ನೊಮ್ಮೆ ಸಿಂಗರಿಸಿಕೊಳ್ಳುವ ಉಮೇದು ಯಾರಿಗೂ ಇರಲಿಲ್ಲ. ಕೆದರಿದ ತಲೆ, ಹಳೇ ಲುಂಗಿ, ಆಕಳಿಕೆ, ನನಗೆ ಶಾಪ. ಚಿತ್ರ ನೋಡಿದ ಮೇಷ್ಟ್ರು, "ಎಷ್ಟು ಸಹಜವಾಗಿ ನಟಿಸಿದಾರೆ! ಹೇಗ್ರೀ ಮಾಡಿಸಿದ್ರಿ?" ಎಂದರು. ನಿರ್ದೇಶಕರು ವಿನಯದಿಂದ ತಲೆಬಾಗಿದರು.

ಪಾಸಾದೆ. ಗೋಣಿಚೀಲಗಳು ಬಚಾವಾದವು. ಆದರೆ ನಿಜ ಹೇಳಬೇಕೆಂದರೆ, ನನ್ನ ಇಡೀ ಚಿತ್ರದ ಸಾಹಸದಲ್ಲಿ ಡಬ್ಬಿಯೊಳಗೆ ಏನಿದೆ ಎಂದು ಬಿಚ್ಚಿ ನೋಡಿದವಳು ಅಮ್ಮ ಒಬ್ಬಳೇ. ಡಿಪ್ಲೊಮಾ ಮಾತ್ರ ನನಗೆ ಕೊಟ್ಟರು!