ಹನ್ನೊಂದು ನಿಮಿಷಕ್ಕೆ ಒಂದು ಜೊತೆ ಹಗುರ ಸ್ಕೀ

ತನ್ನ ಬಾಳಿನ ಕೇಡಿಗೆಲ್ಲ ಸ್ಕೀಯ ತೂಕವೇ ಮೂಲ ಎಂಬ ಮಹಾಜ್ಞಾನ ಕಾಸಿಯಾನನಿಗೆ ಉದಯವಾದದ್ದು ಅರವತ್ತರ ಹೊಸ್ತಿಲಲ್ಲಿ, ಫೆಬ್ರವರಿಯ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ. ಹಿಟ್ಟು ತೂಗುವ ತಕ್ಕಡಿಯ ಮೇಲೆ ತನ್ನ ಹಳೆಯ ಸ್ಕೀಯೊಂದನ್ನು ಅಡ್ಡಡ್ಡ ಇಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮುಳ್ಳನ್ನೇ ನೋಡುತ್ತಿದ್ದ.

“ನೋಡಿದ್ಯಾ? ಒಂದು ಕಾಲಿಗೆ ಎರಡು ಕಿಲೋ!” ಎಂದ, ಕಳ್ಳನನ್ನು ಹಿಡಿದವನ ದನಿಯಲ್ಲಿ.

“ಅಲ್ಲಯ್ಯಾ, ಮೇಣ ಮೆತ್ತಿದ ಹಲಗೇನ ತಂದು ನನ್ನ ತಕ್ಕಡಿ ಮೇಲೆ ಇಟ್ಟಿದ್ದೀಯಲ್ಲ, ತಲೆ ನೆಟ್ಟಗಿದೆಯಾ?” ಎಂದಳು ಹೆಂಡತಿ ನೊಟ್‌ಬುರ್ಗಾ. “ತೂಗ್ಲೇಬೇಕು ಅಂದ್ರೆ ನಿನ್ನ ಹೊಟ್ಟೇನ ತೂಗು. ತಕ್ಕಡಿ ತಡೆದ್ರೆ.”

(ಮೂವತ್ಮೂರು ವರ್ಷ ಸಂಸಾರ ಮಾಡಿದ ಹೆಂಗಸು ಯಾವ ಮಾತಿಗೆ ಬೇಕಾದರೂ ಗಂಡನ ಹೊಟ್ಟೆಯನ್ನು ಎಳೆದು ತರಬಲ್ಲಳು.)

ಕಾಸಿಯಾನ್ ಜಗಳಕ್ಕೆ ಇಳಿಯಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಹನ್ನೊಂದು ನಿಮಿಷ. ಹಿಂದಿನ ಚಳಿಗಾಲದಲ್ಲಿ, ಮೋಡ ಕವಿದು ಹೆಲಿಕಾಪ್ಟರ್ ಹಾರಲಾಗದ ಒಂದು ದಿನ, ಬ್ರೆಡ್ ಅಂಗಡಿಯ ಒಟ್ಟೀಲಿಯಾಳ ಗಂಡ ಸೆಬಾಲ್ಡ್ ಹಿಮಕುಸಿತಕ್ಕೆ ಸಿಕ್ಕಿದ್ದ. ಊರಿನ ಪರ್ವತ ರಕ್ಷಣಾ ದಳದವರು ಸ್ಕೀ ಕಟ್ಟಿಕೊಂಡು ಓಡಿದರು. ಉಳಿದವರಿಗಿಂತ ಕಾಸಿಯಾನ್ ಹನ್ನೊಂದು ನಿಮಿಷ ತಡವಾಗಿ ಮುಟ್ಟಿದ. ಹಿಮ ಚುಚ್ಚಿ ಹುಡುಕುವ ಸಲಾಕೆಗಳಲ್ಲಿ ಅರ್ಧ ಅವನ ಬೆನ್ನ ಮೇಲಿದ್ದವು. ಅವನು ಬಂದ ಮೇಲೆಯೇ ಸೆಬಾಲ್ಡ್ ಸಿಕ್ಕಿದ. ಮುಖದ ಮೇಲಿನ ಹಿಮವನ್ನು ಬರಿಗೈಯಲ್ಲಿ ತೆಗೆದವನೂ ಕಾಸಿಯಾನನೇ. ಉಸಿರಿರಲಿಲ್ಲ.

ಆಸ್ಟ್ರಿಯಾದ ಟಿರೋಲ್ ಬೆಟ್ಟಸೀಮೆಯ ಆ ಕಣಿವೆಯ ದಳದಲ್ಲಿ ಒಂದು ಪದ್ಧತಿ. ಹೆಣ ಹೊತ್ತು ತಂದ ದಿನ ಎಲ್ಲರೂ ಠಾಣೆಯಲ್ಲಿ ಕೂತು ಒಂದೊಂದು ಬಟ್ಟಲು ಸೂಪು ಕುಡಿಯುತ್ತಾರೆ; ಆಮೇಲೆ ಆ ಸುದ್ದಿಯನ್ನು ಯಾರೂ ಎತ್ತುವಂತಿಲ್ಲ. ಯಾರೂ ಎತ್ತಲಿಲ್ಲ. ಎತ್ತದೆ ಇರುವುದು ತನ್ನ ಮುಖ ನೋಡಿಯೇ, ತಡವಾದದ್ದನ್ನು ಆಡಿ ತೋರಿಸಬಾರದೆಂದೇ ಎಂದು ಕಾಸಿಯಾನ್ ತೀರ್ಮಾನಿಸಿಬಿಟ್ಟ. ಅಂದಿನಿಂದ ಬ್ರೆಡ್ ಅಂಗಡಿಯ ಬೀದಿಗೆ ಕಾಲಿಡಲಿಲ್ಲ. ಚರ್ಚಿನಲ್ಲಿ ಒಟ್ಟೀಲಿಯಾ ಎಲ್ಲಿ ಕೂತರೂ ಇವನ ಜಾಗ ಕಂಬದ ಹಿಂದೆ. ಮನೆಯಲ್ಲಿ ಹೆಂಡತಿ ಆ ಹೆಸರು ಎತ್ತಿದರೆ ಎದ್ದು ಕೊಟ್ಟಿಗೆಗೆ ಹೋಗಿ ಸ್ಕೀಗೆ ಮೇಣ ತಿಕ್ಕುತ್ತಿದ್ದ. ಆ ವರ್ಷ ಅವನ ಸ್ಕೀಗಳು ಎಂದೂ ಇಲ್ಲದಷ್ಟು ಹೊಳೆದವು.

ಮಾರ್ಚಿನ ಮೊದಲ ಭಾನುವಾರ ದಳದ ಪರೀಕ್ಷೆ. ಸಾವಿರ ಮೀಟರ್ ಎತ್ತರವನ್ನು ಎರಡು ಗಂಟೆಯೊಳಗೆ ಹತ್ತಬೇಕು, ಆಗದವನು ಹೊರಗೆ. ಹೊರಗೆ ಹೋಗುವುದೆಂದರೆ ಸೆಬಾಲ್ಡ್ ತನ್ನಿಂದಲೇ ಸತ್ತನೆಂದು ಊರ ಮುಂದೆ ಒಪ್ಪಿಕೊಂಡ ಹಾಗೆ ಎಂದು ಕಾಸಿಯಾನನ ನಂಬಿಕೆ. ಆದ್ದರಿಂದ ಹೊಸ ಸ್ಕೀ ಬೇಕೇ ಬೇಕು.

ಗಂಡ ಹೆಂಡತಿ ಕೆಳಗಿನ ಪಟ್ಟಣದ ಅಂಗಡಿಗೆ ಹೋದರು. (ಕಾಸಿಯಾನ್ ಒಬ್ಬನೇ ಹೊರಟಿದ್ದ. ಬಸ್ಸಿನಲ್ಲಿ ನೋಡಿದರೆ ಪಕ್ಕದ ಸೀಟಿನಲ್ಲಿ ನೊಟ್‌ಬುರ್ಗಾ.)

“ಎಂಥಾ ಹಿಮದಲ್ಲಿ ಹೋಗ್ತೀರಿ?” ಎಂದು ಕೇಳಿದಳು ಅಂಗಡಿಯಾಕೆ.

“ಎಲ್ಲಾ ಥರದ್ದು. ಮೇಲೆ ಗಾಳಿ ಹೊಡೆದು ಹಪ್ಪಳ ಆಗಿರುತ್ತೆ, ನೆರಳಲ್ಲಿ ಪುಡಿ, ಕೆಳಗೆ ಮಧ್ಯಾಹ್ನ ಆದ್ರೆ ಗಂಜಿ.”

“ಹಾಗಿದ್ರೆ ಇದು ನೋಡಿ. ಕಾಲಿಗೆ ಒಂದೂವರೆ ಕಿಲೋ, ನಡು ಸ್ವಲ್ಪ ಅಗಲ. ಹಿಮ ಹೇಗೇ ಬದಲಾದ್ರೂ ಮಾತು ಕೇಳುತ್ತೆ.”

“ಎಲ್ಲಕ್ಕಿಂತ ಹಗುರ ಯಾವುದು?”

“ಆ ಮೂಲೇಲಿರೋದು, ಒಂದು ಕಿಲೋನೂ ಇಲ್ಲ. ಪಂದ್ಯದ ಹುಡುಗರು ಒಯ್ತಾರೆ. ಹತ್ತೋಕೆ ಚಿನ್ನ. ಇಳಿಯುವಾಗ ಹಪ್ಪಳ ಸಿಕ್ಕಿದ್ರೆ ಮಾತ್ರ ಕಾಲೇ ಕಿತ್ಕೊಂಡು ಹೋಗುತ್ತೆ. ನಿಮ್ಮ ವಯಸ್ಸಿಗೆ—”

“ನೋಡಮ್ಮಾ, ಹತ್ತೋದು ಎರಡು ಗಂಟೆ, ಇಳಿಯೋದು ಹದಿನೈದು ನಿಮಿಷ. ಮನುಷ್ಯ ಎರಡು ಗಂಟೆ ನೋಡಿ ಕೊಳ್ಳಬೇಕೋ, ಹದಿನೈದು ನಿಮಿಷ ನೋಡಿ ಕೊಳ್ಳಬೇಕೋ?”

ಅಂಗಡಿಯಾಕೆ ನೊಟ್‌ಬುರ್ಗಾಳ ಕಡೆ ತಿರುಗಿದಳು.

“ನನ್ನ ಮುಖ ಏನು ನೋಡ್ತೀಯಮ್ಮಾ? ಇವನು ಹೇಳಿದ ಮಾತು ಕೇಳೋ ಗಂಡಸಾಗಿದ್ರೆ ನಾನ್ಯಾಕೆ ಬಸ್ಸು ಹತ್ತಿ ಬರ್ತಿದ್ದೆ?”

ಮೂಲೆಯ ಸ್ಕೀ ಮನೆಗೆ ಬಂತು. ಮುಂದಿನ ವಾರವೆಲ್ಲ ಕಾಸಿಯಾನನಿಗೆ ತೂಕದ ಹುಚ್ಚು. ಚೀಲದ ಪಟ್ಟಿಗಳ ತುದಿ ಕತ್ತರಿಸಿದ, ಅಂಗಿಯ ಹೆಚ್ಚಿನ ಗುಂಡಿ ಕಿತ್ತ. ಪರೀಕ್ಷೆಯ ದಿನ ಬುತ್ತಿಗೆಂದು ಕಟ್ಟಿಕೊಟ್ಟ ಬೇಕನ್ ಮತ್ತು ಬ್ರೆಡ್ಡನ್ನು ಭಾರ ಕಡಿಮೆಯಾಗಲೆಂದು ಬಾಗಿಲಲ್ಲೇ ನಿಂತು ತಿಂದು ಮುಗಿಸಿದ. (ಆ ಭಾರ ಎಲ್ಲಿ ಹೋಯಿತು ಎಂದು ನೊಟ್‌ಬುರ್ಗಾ ಕೇಳುವಷ್ಟರಲ್ಲಿ ಅವನು ಬೀದಿ ದಾಟಿದ್ದ.)

ಹತ್ತಿದ್ದು ಮಾತ್ರ ನಿಜಕ್ಕೂ ಹತ್ತಿದ. ಸ್ಕೀಯ ಅಡಿಗೆ ಜಾರದ ಹಾಗೆ ಪಟ್ಟಿ ಅಂಟಿಸಿ, ಬಾಯಿ ಬಿಗಿದು, ಕತ್ತು ಎತ್ತದೆ ನಡೆದ. ಶಿಖರದ ಶಿಲುಬೆಯ ಬಳಿ ದಳದ ಮುಖಂಡ ಪಿರ್ಮಿನ್ ಗಡಿಯಾರ ನೋಡಿ ಕೂಗಿದ: “ಒಂದು ಗಂಟೆ ಐವತ್ತೆರಡು! ಏನೋ ಮುದುಕಾ, ಮೈಮೇಲೆ ದೆವ್ವ ಬಂದಿದೆಯಾ?”

ಎಲ್ಲರೂ ಬೆನ್ನು ತಟ್ಟಿದರು. ಕಾಸಿಯಾನನಿಗೆ ನಗು ಬರಲಿಲ್ಲ. ಹೋದ ವರ್ಷವೇ ಈ ಸ್ಕೀ ಕೊಂಡಿದ್ದರೆ ಸೆಬಾಲ್ಡ್ ಉಳಿಯುತ್ತಿದ್ದನಲ್ಲ ಎಂಬ ಯೋಚನೆ ತಲೆ ಹೊಕ್ಕಿತು. ಪಾಸಾಗಿ ಸುಖವಾಗುತ್ತದೆಂದು ಬಂದವನಿಗೆ ಈಗ ಅಳುವೇ ಬರುವಂತಾಯಿತು. ಮುಖ ತೋರಿಸಲಾರದೆ, ಯಾರನ್ನೂ ಕಾಯದೆ, ಅಡಿಪಟ್ಟಿ ಕಿತ್ತು ಚೀಲಕ್ಕೆ ತುರುಕಿ ಇಳಿದುಬಿಟ್ಟ.

ಮೊದಲ ನೂರು ಗಜ ಗಟ್ಟಿ ಹಿಮ. ಸ್ಕೀ ಗಡಗಡ ಒದರಿತು, ಹಲ್ಲೂ ಒದರಿತು. ಆಮೇಲೆ ಪುಡಿ, ಅಲ್ಲಿ ಸ್ಕೀ ಮುದ್ದಾಗಿ ತೇಲಿತು. ಧೈರ್ಯ ಬಂದು ವೇಗ ಬಿಟ್ಟ. ಪುಡಿ ಮುಗಿದಲ್ಲಿ ಹಪ್ಪಳ ಕಾದಿತ್ತು. ಎಡಗಾಲಿನ ಸ್ಕೀ ಹಪ್ಪಳ ಒಡೆದು ಒಳಕ್ಕೆ ಹೋಯಿತು, ಬಲಗಾಲಿನದು ಮೇಲೆಯೇ ಮುಂದಕ್ಕೆ ಓಡಿತು, ನಡುವೆ ಕಾಸಿಯಾನನ ಮೊಣಕಾಲು ಲಟಕ್ಕೆಂದಿತು.

ಹೆಲಿಕಾಪ್ಟರ್ ಕರೆಸುತ್ತೇನೆಂದ, ಹಿಂದೆಯೇ ಇಳಿದು ಬಂದ ಪಿರ್ಮಿನ್.

“ಬೇಡವೋ, ನಿನ್ನ ದಮ್ಮಯ್ಯ! ಊರೆಲ್ಲ ತಲೆ ಎತ್ತಿ ನೋಡುತ್ತೆ!” ಎಂದು ಕಾಸಿಯಾನ್ ಗೋಗರೆದ.

ಸರಿ, ಹೆಣ ತರುವ ಜಾರುಬಂಡಿಯಲ್ಲೇ ಕಟ್ಟಿ ಇಳಿಸಿದರು. ಹದಿನೈದು ನಿಮಿಷದ ಇಳಿಜಾರು ಮೂರು ಗಂಟೆ ಹಿಡಿಯಿತು. ಊರು ಮುಟ್ಟುವಾಗ ಚರ್ಚು ಬಿಟ್ಟ ಹೊತ್ತು. ಠಾಣೆಗೆ ಇರುವ ದಾರಿ ಬ್ರೆಡ್ ಅಂಗಡಿಯ ಬೀದಿಯೊಂದೇ. ಕಾಸಿಯಾನ್ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಅದನ್ನು ಕಂಡ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿ ಆತ್ಮಕ್ಕೆ ಶಾಂತಿ ಕೋರಿದಳು.

ಮೊಣಕಾಲನ್ನು ಕೊಯ್ದು ಹೊಲಿದರು. ದಳದ ಕೆಲಸ ಇನ್ನು ಕನಸು ಎಂದರು ಡಾಕ್ಟರು. ಮನೆಯಲ್ಲಿ ನೊಟ್‌ಬುರ್ಗಾ ಗಂಡನ ಕಾಲನ್ನು ತೊಲೆಯ ಕೊಕ್ಕೆಗೆ ತೂಗುಹಾಕಿ ಮಲಗಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಬಾಗಿಲು ತೆರೆದು, “ಬಾ, ಬಾ. ಇವತ್ತು ಎಲ್ಲಿಗೂ ಓಡಲ್ಲ,” ಎಂದದ್ದು ಕೇಳಿಸಿತು.

ಬಂದವಳು ಒಟ್ಟೀಲಿಯಾ. ಕಾಸಿಯಾನ್ ಕಾಲು ಎಳೆದ. ತೊಲೆ ಕಿರುಗುಟ್ಟಿತು, ಕಾಲು ಬರಲಿಲ್ಲ.

ಅವಳು ಹಾಸಿಗೆಯ ಪಕ್ಕ ಕುರ್ಚಿಯ ತುದಿಯಲ್ಲಿ ಕೂತಳು. “ಕಾಸಿಯಾನಣ್ಣ, ಒಂದು ಮಾತು ಕೇಳ್ಬೇಕು. ಸೆಬಾಲ್ಡನ ಕುತ್ತಿಗೆ ಮುರಿದಿತ್ತು, ತಕ್ಷಣ ಹೋದ ಅಂದ್ರು ಡಾಕ್ಟರು. ಹೆಂಡತಿಗೆ ಎಲ್ಲರೂ ಹಾಗೇ ಹೇಳ್ತಾರೆ. ಮುಖದ ಮೇಲಿನ ಹಿಮ ತೆಗೆದೋರು ನೀವು. ನನ್ನ ಕಂಡ್ರೆ ಓಡ್ತೀರಿ. ಒಳಗೆ ಬಹಳ ಹೊತ್ತು ನರಳಿದ್ದಾನೆ, ಅದಕ್ಕೇ ಓಡ್ತೀರಿ ಅಂದ್ಕೊಂಡೆ. ವರ್ಷದಿಂದ ನಾನು ಕಣ್ಣು ಮುಚ್ಚಿಲ್ಲ. ನಿಜ ಹೇಳಿ.”

ಕುತ್ತಿಗೆಯ ಸುದ್ದಿ ಕಾಸಿಯಾನನಿಗೆ ಇದೇ ಮೊದಲು. ಆದರೆ ಅಂದು ಕಂಡ ಮುಖ ಕಣ್ಣ ಮುಂದೆ ಬಂತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಅದನ್ನು ನೋಡಿಯೂ ನೋಡಿರಲಿಲ್ಲ.

“ಮುಖದ ಮೇಲಿನ ಹಿಮ ಒಣಗಿತ್ತಮ್ಮಾ,” ಎಂದ. “ಹಿಮದಡೀಲಿ ಉಸಿರಾಡಿದ್ರೆ ಬಾಯಿ ಸುತ್ತ ಕರಗಿ ಗಡ್ಡೆ ಕಟ್ಟುತ್ತೆ. ಅವನಿಗೆ ಕಟ್ಟಿರಲಿಲ್ಲ. ಹಿಟ್ಟಿನ ಹಾಗೆ ಉದುರಿತು. ಒಂದು ಉಸಿರೂ ಎಳೆದಿಲ್ಲ. ದೇವರಾಣೆ.”

“ಮತ್ತೆ ಯಾಕೆ ಓಡಿದ್ರಿ?”

“ನಾನು ಹನ್ನೊಂದು ನಿಮಿಷ ತಡ ಮಾಡಿದ್ದಕ್ಕೆ ಸತ್ತ ಅಂತ...”

ಒಟ್ಟೀಲಿಯಾ ಎದ್ದಳು. ಕಾಸಿಯಾನನ ಎಡಗೆನ್ನೆಗೆ ಫಟಾರನೆ ಒಂದು ಬಿಟ್ಟಳು. “ಒಂದು ವರ್ಷ ಕಣೋ! ಒಂದು ವರ್ಷ ಈ ಮಾತನ್ನ ಬಾಯಲ್ಲೇ ಇಟ್ಕೊಂಡು ಓಡಾಡಿದೆಯಲ್ಲೋ, ಪಾಪಿ!” ಎಂದವಳು ಅದೇ ಕುರ್ಚಿಯಲ್ಲಿ ಕುಸಿದು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಕಾಸಿಯಾನನೂ ಅತ್ತ.

ನೊಟ್‌ಬುರ್ಗಾ ಅವಳ ತಲೆ ಸವರುತ್ತ ನಿಂತಿದ್ದವಳು ಮೂಗು ಒರೆಸಿಕೊಂಡು, ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಿಸಿದಳು.

“ಬಲಗೆನ್ನೆ ನನಗಿರಲಿ, ಒಟ್ಟೀಲಿಯಾ.”

ಕಾಸಿಯಾನ್ ತಾನಾಗಿಯೇ ಮುಖ ತಿರುಗಿಸಿ ಕೊಟ್ಟ.