ಕಿವಿಗೆ ಬಿದ್ದ ಹಕ್ಕಿ

"ಹಕ್ಕಿ ಕೂಗಿದ್ದು ಕೇಳಿಸಿದರೆ ಈ ಯಂತ್ರ ಕಿವಿಯಲ್ಲಿ, ಇಲ್ಲದಿದ್ದರೆ ವಾಪಸ್ ಡಬ್ಬಿಯಲ್ಲಿ! ನನ್ನ ಮಾತಂದ್ರೆ ಮಾತು!"

ಪಕ್ಷಿಧಾಮದ ಬಾಗಿಲಲ್ಲಿ ಹೀಗೆ ಗುಡುಗಿದವರು ಪ್ರೆಸ್ಸಿನ ನಿವೃತ್ತ ಮೇಸ್ತ್ರಿ. ಅಚ್ಚಿನ ಯಂತ್ರದ ದಡಬಡಕ್ಕೆ ಎರಡೂ ಕಿವಿಗಳನ್ನು ಒಪ್ಪಿಸಿ ಬಂದ ಮಹಾನುಭಾವರು! ಕೂಗಿ ಕೂಗಿ ಗಂಟಲು ಹರಿದುಕೊಂಡ ಹೆಂಡತಿ ಹಟ ಹಿಡಿದು ನಿನ್ನೆಯಷ್ಟೇ ಶ್ರವಣಯಂತ್ರ ಹಾಕಿಸಿದ್ದಳು. ಅದು ಡಬ್ಬಿ ಸೇರಿದರೆ ಜನ್ಮವಿಡೀ ಕಿರುಚಾಟವೇ ಗತಿ! 'ಬಾಯಿ ಬಿಡ್ರಪ್ಪಾ' ಎಂದು ಕಂಡ ಕಂಡ ಕೊಕ್ಕರೆಗೆಲ್ಲ ಮನಸ್ಸಿನಲ್ಲೇ ಕೈ ಮುಗಿದಳು.

ಜೌಗಿನ ಅಂಚಿನಲ್ಲಿ ಚಳಿಗಾಳಿ ಬೀಸಿತು. ಮೇಸ್ತ್ರಿ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡರು. ಅಷ್ಟೇ! "ಕುಯ್ಯ್‌ಽಽ..."

"ಕೇಳಿಸ್ತು ಕಣೇ! ಹಕ್ಕಿ!"

"ನನಗೂ ಕೇಳಿಸ್ತು ಸಾರ್," ಎಂದು ಜೊತೆಗಿದ್ದ ಪಕ್ಷಿಧಾಮದ ಗೈಡ್ ಪಿಸುಗುಟ್ಟಿದ. "ಯಾವುದೋ ಹೊಸ ದನಿ. ಇಲ್ಲೇ ಎಲ್ಲೋ ಇದೆ!"

ಕ್ಯಾಮೆರಾದವರ ದಂಡು ಓಡಿ ಬಂತು. ಮೇಸ್ತ್ರಿ ಎಡಕ್ಕೆ ಹೋದರೆ ಹಕ್ಕಿ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ದಂಡೂ ಹಿಂದೆಯೇ!

"ನೋಡಿದ್ಯಾ? ಒಳ್ಳೆಯವರು ಯಾರು ಅಂತ ಹಕ್ಕಿಗೂ ಗೊತ್ತಾಗುತ್ತೆ," ಎಂದು ಎದೆಯುಬ್ಬಿಸಿ ಹಿಂದೆ ಸರಿದ ಮೇಸ್ತ್ರಿ ಜಾರಿ ಕೆಸರಿನಲ್ಲಿ ದಬಕ್ಕನೆ ಕೂತರು. ಟೋಪಿ ಹಾರಿತು. ನೀರಿನಲ್ಲಿದ್ದ ಕೊಕ್ಕರೆಗಳೂ ಹಾರಿದವು. ಹೊಸ ಹಕ್ಕಿ ಮಾತ್ರ ಗಪ್‌ಚಿಪ್!

ಹೆಂಡತಿಗೆ ಏನೋ ಹೊಳೆಯಿತು. ಟೋಪಿಯನ್ನೆತ್ತಿ ಅವರ ಕಿವಿಗೆ ಒತ್ತಿದಳು. "ಕುಯ್ಯ್!" ತೆಗೆದಳು. ಸದ್ದಿಲ್ಲ.

"ಟೋಪಿ ಅದುಮಿದ್ರೆ ಯಂತ್ರ ಸಿಳ್ಳೆ ಹೊಡೆಯುತ್ತೆ ರೀ! ನಿಮ್ಮ ಹಕ್ಕಿ ಕಿವಿಯಲ್ಲೇ ಗೂಡು ಕಟ್ಟಿದೆ!"

ದಂಡೆಲ್ಲ ಬಿದ್ದು ಬಿದ್ದು ನಕ್ಕು ಚದುರಿತು. ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. "ಡಬ್ಬಿ ಕೊಡು," ಎಂದು ಯಂತ್ರಕ್ಕೆ ಕೈ ಹಾಕಿದರು.

ಆಕೆಯ ಕಣ್ಣು ತುಂಬಿತು. ಕರವಸ್ತ್ರದಿಂದ ಅವರ ಅಂಗಿಯ ಕೆಸರನ್ನು ಒರೆಸುತ್ತಾ, ಅವರಿಗೆ ಹೇಗೂ ಕೇಳಿಸದೆಂಬ ಎಂದಿನ ಧೈರ್ಯದಲ್ಲಿ ಮೆಲ್ಲಗೆ ಗೊಣಗಿದಳು: "ಹೆಡ್ಡು ಅಂದ್ರೆ ಹೆಡ್ಡು. ಆದ್ರೂ ನನ್ನ ಬಂಗಾರ."

ಮೇಸ್ತ್ರಿಯ ಕೈ ಅಲ್ಲೇ ನಿಂತಿತು. "ಏನಂದೆ?"

"ಅಯ್ಯಯ್ಯೋ, ಕೇಳಿಸಿಬಿಡ್ತಾ? ಹೆಡ್ಡು ಅಂದಿದ್ದಕ್ಕೆ ಬೇಜಾರಾಯ್ತೇನ್ರೀ?"

ಮೇಸ್ತ್ರಿ ಯಂತ್ರದಿಂದ ಕೈ ತೆಗೆದರು. "ಯಂತ್ರ ಕಿವಿಯಲ್ಲೇ ಇರಲಿ ಬಿಡು. ಹೆಡ್ಡು ಅನ್ನೋದು ಇದಿಲ್ಲದೇನೂ ಕೇಳಿಸ್ತಿತ್ತು ಕಣೇ, ಅದನ್ನ ನೀನು ಕಿರುಚಿಯೇ ಹೇಳ್ತಿದ್ದೆ. ಬಂಗಾರ ಅನ್ನೋದು ಮಾತ್ರ ಇವತ್ತೇ ಕೇಳಿಸಿದ್ದು!"