ಪೆಟ್ರೋಲ್ ಪೈಪಿನಲ್ಲಿ ಮಾವನವರು

ಹಳೇ ಕಾರಿನ ಪೆಟ್ರೋಲ್ ಪೈಪು ಬದಲಾಯಿಸುವುದೇನು ಮಹಾ ವಿದ್ಯೆ? ಹಿಂದೆ ಟ್ಯಾಂಕು, ಮುಂದೆ ಎಂಜಿನ್ನು, ನಡುವೆ ಒಂದು ಪೈಪು. ವಿದ್ಯಾರಣ್ಯಪುರಂನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಡಾಕ್ಟರುಗಳ ಕೈಬರಹವನ್ನೇ ಓದಿ ಜೀರ್ಣಿಸಿಕೊಂಡವನು ನಾನು. ಒಂದು ಪೈಪು ನನ್ನನ್ನು ಏನು ಮಾಡೀತು?

ಕಾರು ನನ್ನ ಮಾವನವರದ್ದು. ಕಪ್ಪು ಬಣ್ಣ, ದುಂಡು ಮೈ. ಅವರು ಬದುಕಿದ್ದಷ್ಟು ದಿನ ಅದರ ಸ್ಟೇರಿಂಗ್ ಮುಟ್ಟಲು ನನ್ನನ್ನು ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದರು, ಹಿಂದೆಯೇ ಕಾರೂ ಟೆಂಪೋದ ಮೇಲೆ ಕೂತು ಬಂತು. ಶೆಡ್ಡಿನಲ್ಲಿ ಅದು ಧೂಳು ಹಿಡಿಯುವುದನ್ನು ನೋಡಲಾರದೆ ಒಂದು ದಿನ ಅತ್ತೆ ತೀರ್ಪು ಕೊಟ್ಟರು.

“ಆಯುಧಪೂಜೆ ದಿನ ನನ್ನ ಇದ್ರಲ್ಲಿ ಒಂದ್ಸಲ ಕೂರಿಸ್ಕೊಂಡು ಹೋಗಿ ಅಳಿಯಂದಿರೇ. ಆಗ್ಲಿಲ್ಲ ಅಂದ್ರೆ ಅವರಿಗೇ ಇಷ್ಟ ಇಲ್ಲ ಅಂತ ಗುಜರಿಗೆ ಕೊಟ್ಬಿಡೋಣ.”

ಗುಜರಿಗೆ! ಮಾವನವರಿಗೆ ನನ್ನ ಡ್ರೈವಿಂಗ್ ಕೊನೆಗೂ ಒಪ್ಪಿಗೆಯಾಗಲಿಲ್ಲ ಎಂದು ಶಾಶ್ವತವಾಗಿ ದಾಖಲಾಗುವ ಸಂದರ್ಭ. ನಾನು ಅಂಗಿಯ ತೋಳು ಮಡಚಿ ಕಾರಿನಡಿ ತೂರಿದೆ.

ಮೊದಲು ಟ್ಯಾಂಕಿನಲ್ಲಿದ್ದ ಹಳಸಿದ ಪೆಟ್ರೋಲನ್ನು ಬಾಯಿಂದ ಎಳೆದು ತೆಗೆಯುವ ಪ್ರಯತ್ನ ನಡೆಯಿತು. ಅರ್ಧ ಬಕೆಟ್ಟಿಗೆ ಬಂತು, ಒಂದು ಗುಟುಕು ನನಗೆ ಬಂತು. ಅಂದು ಇಡೀ ದಿನ ನಾನು ತೇಗಿದಾಗಲೆಲ್ಲ ಹೆಂಡತಿ ವಸುಧಾ ದೇವರ ದೀಪ ಆರಿಸಿ ಬರುತ್ತಿದ್ದಳು.

ಆಮೇಲೆ ತುಕ್ಕು ಹಿಡಿದ ಪೈಪಿಗೆ ಬಾಯಿಟ್ಟು ಜೋರಾಗಿ ಊದಿದೆ. ಟ್ಯಾಂಕಿನೊಳಗೆ ಏನೋ ಗುಳುಗುಳು ಎಂದಿತು. ಬಳಿಕ ಒಳಗಿನಿಂದ “ಖೊಕ್... ಖೊಕ್...” ಎಂದು ಕೇಳಿಸಿತು. ಮಾವನವರು ಹೀಗೆಯೇ ಎರಡು ಸಲ ಕೆಮ್ಮಿ ಮಾತು ಶುರುಮಾಡುತ್ತಿದ್ದರು. ನಾನು ಕಾರಿನಡಿಯಿಂದ ತೆವಳಿ ಹೊರಬಂದೆ.

ಪಕ್ಕದ ಮನೆ ಪುಟ್ಟಸ್ವಾಮಿ ಕಾಂಪೌಂಡಿನ ಮೇಲಿಂದ ತಲೆ ಹಾಕಿ, “ಸಾ, ಯಜಮಾನ್ರು ಕೆಮ್ಮುದಂಗೆ ಕೇಳುಸ್ತಲ್ಲಾ?” ಎಂದರು. ಅಡುಗೆಮನೆಯಲ್ಲಿದ್ದ ಅತ್ತೆಯ ಕೈಯಿಂದ ಸೌಟು ಬಿದ್ದ ಸದ್ದಾಯಿತು.

ನಾನು ಧೈರ್ಯಗೆಡಲಿಲ್ಲ. ಅಂಗಡಿಯಿಂದ ಗ್ಲೂಕೋಸ್ ಏರಿಸುವ ಡ್ರಿಪ್ ಪೈಪು ತಂದು ಜೋಡಿಸಿ, ಟ್ಯಾಂಕಿಗೆ ಒಂದು ಕ್ಯಾನು ಹೊಸ ಪೆಟ್ರೋಲ್ ಸುರಿದೆ. ಪಾರದರ್ಶಕ! ಪೆಟ್ರೋಲ್ ಹರಿಯುವುದು ಕಣ್ಣಿಗೆ ಕಾಣುತ್ತದೆ! ಬೆಳಗಾಗುವಷ್ಟರಲ್ಲಿ ಅದು ಹಳದಿಯಾಗಿ, ಸೆಟೆದು, ಮುಟ್ಟಿದರೆ ಮುರಿಯುವಂತಾಗಿತ್ತು. “ಸತ್ತ ಕಾರಿಗೆ ಡ್ರಿಪ್ ಹಾಕಿದ ಮೊದಲನೇ ಗಂಡಸು ನೀವೇ ಕಣ್ರೀ,” ಎಂದಳು ವಸುಧಾ. ಅನಂತರ ತಾಮ್ರದ ಪೈಪು, ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪು, ಕ್ಲಿಪ್ಪು ಎಲ್ಲ ತಂದು ಬಿಗಿದೆ. ಕಾರು ಗುರ್ ಎಂದು ಎದ್ದಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಅಂತ ಹೇಳಿದೆ.

ಆಯುಧಪೂಜೆ ಬಂತು. ಪೆಟ್ರೋಲ್ ವಾಸನೆ ಇರುವ ಕಡೆ ಕರ್ಪೂರ ಹಚ್ಚಕೂಡದೆಂದು ವಸುಧಾ ಆಜ್ಞೆ ಮಾಡಿದಳು. ಆರತಿಯ ಕೊರತೆಯನ್ನು ನಾನು ಗಂಧದಲ್ಲಿ ತುಂಬಿದೆ. ಬಾನೆಟ್ಟಿಗೆ, ಚಕ್ರಕ್ಕೆ, ಬಾಗಿಲಿಗೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಎಲ್ಲಕ್ಕೂ ದಪ್ಪಗೆ ಬಳಿದು, ಮೇಲೆ ಕುಂಕುಮ, ಮೇಲೆ ಅಕ್ಷತೆ. ಚಕ್ರಕ್ಕೆ ನಿಂಬೆಹಣ್ಣಿಟ್ಟು ಹತ್ತಿಸಿ ಸಂಜೆ ಹೊರಟೆವು. ಅತ್ತೆ ರೇಷ್ಮೆ ಸೀರೆ ಉಟ್ಟು ಹಿಂದೆ ಕೂತಿದ್ದರು.

ದೀಪ ಹಚ್ಚುವ ಹೊತ್ತು. ಮಾವನವರ ಸಂಸ್ಕಾರ ನಡೆದಿದ್ದ ರುದ್ರಭೂಮಿಯ ಗೇಟಿನೆದುರು ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗೇಟಿನೊಳಗೆ ಯಾರೋ ಹಚ್ಚಿಟ್ಟಿದ್ದ ಊದುಬತ್ತಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಆ ನಿಶ್ಶಬ್ದದಲ್ಲಿ, ನಮ್ಮ ಬೆನ್ನ ಹಿಂದಿನಿಂದ, ಯಾರೋ ಹಲ್ಲು ಕಚ್ಚಿಕೊಂಡು ಉಸಿರೆಳೆದ ಹಾಗೆ “ಸ್ಸ್ಸ್ಸ್...” ಎಂಬ ಸದ್ದು.

“ಅತ್ತೆ, ನೀವಾ?”

“ನಾನಲ್ಲ,” ಎಂದರು ಅತ್ತೆ ಮೆಲ್ಲಗೆ. “ಅವರು.”

ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎಂಜಿನ್ ಹತ್ತಿಕೊಂಡಿತು. ಮನೆ ಗೇಟು ತಲುಪಿ ಮತ್ತೆ ಪ್ರಾಣ ಬಿಟ್ಟಿತು.

ಮರುದಿನ ಪೈಪನ್ನೆಲ್ಲ ಬಿಚ್ಚಿ ಊದಿದೆ. ಗಾಳಿ ಸಲೀಸಾಗಿ ಹೋಯಿತು. ಎಲ್ಲೂ ಸೋರಿಕೆಯಿಲ್ಲ. ಅಂದಮೇಲೆ ದೋಷ ಪೈಪಿನದಲ್ಲ, ಲೋಕಾಂತರದ್ದು! ಪುಟ್ಟಸ್ವಾಮಿ ಹೇಳಿಬಿಟ್ಟರು: “ದೃಷ್ಟಿ ಸಾ. ಇನ್ನೊಂದು ಸಲ ಪೂಜೆ ಮಾಡ್ಬುಡಿ, ಎಲ್ಲಾ ಸರೋಯ್ತದೆ.” ನಾನು ಮತ್ತೆ ಗಂಧ ತೇಯ್ದೆ. ಮೊದಲಿನ ಪದರದ ಮೇಲೆ ಎರಡನೆಯ ಪದರ ಬಿತ್ತು. ಅವತ್ತು ಕಾರು ರುದ್ರಭೂಮಿಯವರೆಗೂ ಹೋಗಲಿಲ್ಲ. ಅದಕ್ಕೂ ಮುಂಚೆ, ಹಿಟ್ಟಿನ ಗಿರಣಿಯ ಹತ್ತಿರ ನಿಂತಿತು. ಮತ್ತೊಂದು ಪೂಜೆ. ಈ ಸಲ ನಮ್ಮ ಬೀದಿಯ ತಿರುವಿನಲ್ಲೇ ನಿಂತಿತು.

ಪುಟ್ಟಸ್ವಾಮಿಯವರ ಮುಖ ಬಿಳಿಚಿಕೊಂಡಿತು. “ಸಾ, ಗ್ಯಾನ ಮಾಡುದ್ರಾ? ಮೊದ್ಲು ರುದ್ರಭೂಮಿ ಗೇಟು. ಆಮ್ಯಾಕೆ ಗಿರಣಿ. ಈಗ ತಿರುವು. ನೀವು ಅವ್ರ್ ತಾವ್ಕೆ ಓಗ್ತಿಲ್ಲ ಸಾ. ಅವ್ರೇ ಈ ಕಡೀಕೆ ಬತ್ತಾವ್ರೆ!”

ನನ್ನ ಮೈಮೇಲಿನ ಒಂದೊಂದು ಕೂದಲೂ ಎದ್ದು ನಿಂತಿತು. ಮರುದಿನ ಇನ್ನೊಂದು ಪೂಜೆಯಾದ ಮೇಲೆ ಕಾರು ಪುಟ್ಟಸ್ವಾಮಿಯವರ ಮನೆಯ ಮುಂದೆಯೇ ನಿಂತು “ಸ್ಸ್ಸ್” ಎಂದಿತು. ಅರ್ಧ ಗಂಟೆಯೊಳಗೆ ಅವರು ಸಂಸಾರಸಮೇತ ಕೆಸರೆಯ ಭಾವಮೈದುನನ ಮನೆಗೆ ಹೊರಟುಹೋದರು.

ಹೆದರದವರೆಂದರೆ ಅತ್ತೆ ಮಾತ್ರ. ಅವರು ಸಂಜೆ ಹೊತ್ತು ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು ಏನೇನೋ ಮಾತಾಡತೊಡಗಿದ್ದರು. ಮುಖದಲ್ಲಿ ಒಂದು ಕಳೆ ಬಂದಿತ್ತು. ಮಾರನೆಯ ದಿನ ಸಂಜೆ ಒಲೆಯ ಮೇಲೆ ಹೆಸರುಬೇಳೆ ಪಾಯಸ ಇಟ್ಟರು. “ಅವರಿಗೆ ಇಷ್ಟ ಕಣಮ್ಮ. ಇವತ್ತು ಒಳಗೇ ಬರ್ತಾರೆ,” ಎಂದು ಮಗಳಿಗೆ ಹೇಳಿದರು.

ವಸುಧಾಳ ತಾಳ್ಮೆ ತಪ್ಪಿತು. ದಡದಡ ಕಾರಿನ ಹತ್ತಿರ ಹೋಗಿ, “ಏನಿದೆ ಇದ್ರೊಳಗೆ, ನೋಡೇಬಿಡ್ತೀನಿ,” ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

“ಹ್ಹ್ಹಾ........!”

ಅಷ್ಟು ದೀರ್ಘವಾದ ನಿಟ್ಟುಸಿರನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ನನಗೆ ಎಚ್ಚರ ಬಂದಾಗ ನಾನು ಕಾಂಪೌಂಡಿನ ಆಚೆ, ಪುಟ್ಟಸ್ವಾಮಿಯವರ ದಾಸವಾಳದ ಗಿಡದೊಳಗಿದ್ದೆ. ಗೋಡೆ ಹೇಗೆ ಹಾರಿದೆನೋ ತಿಳಿಯದು. ವಸುಧಾ ಮಾತ್ರ ಅಲ್ಲಾಡದೆ ನಿಂತು, ಮುಚ್ಚಳವನ್ನು ಬೆಳಕಿಗೆ ಹಿಡಿದು, ತಲೆಯ ಪಿನ್ನಿನಿಂದ ಏನನ್ನೋ ಕೆರೆಯುತ್ತಿದ್ದಳು. ಒಣಗಿದ ಗಂಧ, ಕುಂಕುಮ, ಕೊನೆಗೆ ಒಂದು ಅಕ್ಷತೆಕಾಳು ಹೊರಬಿತ್ತು. ಅದರ ಹಿಂದೆ ಒಂದು ಪುಟ್ಟ ತೂತು.

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರುತ್ತೇನ್ರೀ? ಗಾಳಿ ಒಳಗೆ ಹೋಗೋಕೆ ಇನ್ನೊಂದು ಬೇಡ್ವಾ? ಆ ತೂತನ್ನೇ ಪೂಜೆ ಮಾಡಿ ಮುಚ್ಚಿದ್ದೀರಲ್ಲ! ಕಾರು ಉಸಿರು ಕಟ್ಟಿ ನಿಲ್ತಿತ್ತು, ಅಷ್ಟೇ.”

ಗಂಧದ ಪದರ ಹೆಚ್ಚಿದಷ್ಟೂ ಕಾರಿನ ಉಸಿರು ಬೇಗ ಕಟ್ಟುತ್ತಿತ್ತು. ಮಾವನವರು ರುದ್ರಭೂಮಿಯಿಂದ ನಡೆದು ಬಂದಿರಲಿಲ್ಲ. ನಾನೇ ಕೈಯಾರೆ ಕರೆತಂದಿದ್ದೆ!

ನಗು ಬಂತು. ಆದರೆ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದರು.

“ಹಾಗಾದ್ರೆ ಅವರು ಬರ್ಲೇ ಇಲ್ವಾ?”

ಸುಳ್ಳು ಹೇಳೋಣವೆನಿಸಿತು. ನಾಲಿಗೆ ಏಳಲಿಲ್ಲ. “ಇಲ್ಲ ಅತ್ತೆ,” ಎಂದೆ. ಅವರು ಒಲೆ ಆರಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತರು. “ಆ ಗೇಟಿನ ತಂಕ ಕರ್ಕೊಂಡು ಹೋಗಿ.”

ವಸುಧಾ ನನ್ನ ಪಕ್ಕ ಹತ್ತಿ ಕೂತಳು. ಕಾರು ಬೆಣ್ಣೆಯ ಹಾಗೆ ಓಡಿತು. ತಿರುವು ದಾಟಿತು, ಗಿರಣಿ ದಾಟಿತು. ಗೇಟು ಬಂದಾಗ ಅತ್ತೆ ಹೇಳಿದ್ದಕ್ಕೆ ನಾನೇ ನಿಲ್ಲಿಸಿದೆ. ಅವರು ಕಿಟಕಿ ಇಳಿಸಿ, ಒಳಗಿನ ಕತ್ತಲಿಗೆ ಕೈಮುಗಿದು, “ಕಾರು ಓಡ್ತಾ ಇದೆ ರೀ, ಯೋಚ್ನೆ ಮಾಡ್ಬೇಡಿ,” ಎಂದು ಕಣ್ಣೊರೆಸಿಕೊಂಡರು. “ಹೊರಡಿ,” ಎಂದರು.

ಕೀಲಿ ತಿರುಗಿಸಿದೆ. ಗರ್ರ್... ಗರ್ರ್... ಇಲ್ಲ. ಮತ್ತೊಮ್ಮೆ. ಇಲ್ಲ! ಇಳಿದು ಟ್ಯಾಂಕಿನ ಮುಚ್ಚಳ ತೆರೆದೆ. ನಿಟ್ಟುಸಿರೂ ಇಲ್ಲ. ಗೇಟಿನಾಚೆ ಒಣ ಎಲೆಗಳು ಸರಸರ ಎಂದವು. ಹೊಸ ಪೈಪು, ತೆರೆದ ತೂತು. ಇನ್ನು ಯಾವ ಕಾರಣ ಉಳಿದಿದೆ?

ವಸುಧಾ ನಿಧಾನವಾಗಿ ನನ್ನತ್ತ ತಿರುಗಿದಳು. “ರೀ, ಇಷ್ಟು ದಿನ ಓಡಾಡಿದ್ರಲ್ಲ, ಮತ್ತೆ ಪೆಟ್ರೋಲ್ ಹಾಕಿಸಿದ್ರಾ?”

ನಾನು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಮುಚ್ಚಿದೆ. ಮಾವನವರು ಹೋದ ಮೇಲೆ ಮೊದಲ ಬಾರಿಗೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದು ಮಾತ್ರ ಅವರಲ್ಲ ಬಿಡಿ ಅಳಿಯಂದಿರೇ,” ಎಂದರು. “ಇದು ನೀವೇ!”